ಪದಚರ್ಚೆ: ಮಿಲ್‌ಗ್ರಾಂ ಹೇಳುವ 'ಒಬಿಡಿಯೆನ್ಸ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮಾನವ ಹಕ್ಕುಗಳ ತರಬೇತಿಗೆಂದು ಒಂದು ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೇಲಿನವರು ಹೇಳಿದರೆಂದು ಸಾಮಾನ್ಯ ಜನ ಇನ್ನೊಬ್ಬರನ್ನು ಹಿಂಸಿಸಲು ಹೇಗೆ ಒಪ್ಪುತ್ತಾರೆ ಅನ್ನೋದು ವಿಷಯ. ನಿಘಂಟಿನಲ್ಲಿ 'ವಿಧೇಯತೆ' ಅಂತಿದೆ. ಆದರೆ ನಮಗದು ಹೊಗಳಿಕೆಯ ಮಾತು ಅಲ್ವಾ? ರಜಾ ಅರ್ಜಿಯ ಕೊನೆಗೆ 'ಇಂತಿ ತಮ್ಮ ವಿಧೇಯ ವಿದ್ಯಾರ್ಥಿ' ಎಂದು ಬರೆದೇ ಬೆಳೆದವರು ನಾವು.

ಸಂದರ್ಭ ಇದು. 1961ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಪ್ರಯೋಗ. ಪಕ್ಕದ ಕೋಣೆಯವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಶಾಕ್ ಕೊಡಬೇಕು. 15 ವೋಲ್ಟಿನಿಂದ 450ರವರೆಗೆ 30 ಸ್ವಿಚ್ಚು. ಶಾಕ್ ಸುಳ್ಳು, ಒತ್ತುವವನಿಗೆ ಮಾತ್ರ ಗೊತ್ತಿಲ್ಲ. ಮೊದಲು ಪ್ರಕಟವಾದ ವರದಿಯಲ್ಲಿ 40 ಜನರಲ್ಲಿ 26 ಮಂದಿ ಕೊನೆಯ ಸ್ವಿಚ್ಚನ್ನೂ ಒತ್ತಿದರು. ಸಲೀಸಾಗಿ ಅಲ್ಲ. ಬೆವರಿದರು, ತೊದಲಿದರು, ತುಟಿ ಕಚ್ಚಿಕೊಂಡರು. ಪ್ರಯೋಗ ನಡೆಸುತ್ತಿದ್ದ ಬೂದು ಕೋಟಿನವನು 'ಮುಂದುವರಿಸಿ' ಅಂದ, ಮತ್ತೆ ಒತ್ತಿದರು.

ಹಾಗಾಗಿ 'ಹೌದಪ್ಪತನ' ಹೊಂದಲ್ಲ. ಹೌದಪ್ಪ ಏನೋ ಗಿಟ್ಟಲಿ ಅಂತ ತಲೆಯಾಡಿಸುತ್ತಾನೆ. ಇವರಿಗೆ ಕೊಟ್ಟ ನಾಲ್ಕೂವರೆ ಡಾಲರ್ ನಡುವೆ ಎದ್ದುಹೋದರೂ ಅವರದೇ ಆಗಿತ್ತು. 'ಆಜ್ಞಾಪಾಲನೆ' ಅಂದರೆ ಕವಾಯತಿನ ಮೈದಾನ ಕಣ್ಣಿಗೆ ಬರುತ್ತದೆ. ನನಗೆ ಹಿಡಿಸಿದ್ದು 'ಮಣಿಯುವಿಕೆ'. ಒಳಗಿನ ಜಗ್ಗಾಟವೂ ಅದರಲ್ಲಿದೆ.

ತೊಡಕು ಮುಂದಿನ ಪುಟದಲ್ಲಿ. 1967ರಿಂದ 74ರವರೆಗೆ ಗ್ರೀಸಿನಲ್ಲಿ ಸೇನಾಡಳಿತ. ಚಿತ್ರಹಿಂಸೆ ಕೊಟ್ಟ ಮಿಲಿಟರಿ ಪೊಲೀಸರನ್ನು ಮನಶ್ಶಾಸ್ತ್ರಜ್ಞೆ ಮಿಕಾ ಹರಿತೋಸ್-ಫಾತೂರೋಸ್ ಆಮೇಲೆ ಅಧ್ಯಯನ ಮಾಡಿದರು. ಈ ಪೊಲೀಸರು ಕಡ್ಡಾಯ ಸೇವೆಗೆ ಬಂದಿದ್ದ ಮಾಮೂಲಿ ಹುಡುಗರು. ತರಬೇತಿಯಲ್ಲಿ ಮೊದಲು ಅವರಿಗೇ ಹೊಡೆತ, ಅರ್ಥವಿಲ್ಲದ ಅಪ್ಪಣೆಗಳು. ಬರಬರುತ್ತಾ ಹೇಳಿದ್ದನ್ನು ಕೇಳುವುದೇ ರೂಢಿ. ಜಗ್ಗಾಟವೇ ಸವೆದ ಮೇಲೆ 'ಮಣಿಯುವಿಕೆ' ಅನ್ನೋದು ಹೇಗೆ? ಪಾಠದಲ್ಲಿ ಎರಡೂ ಕಡೆ ಒಂದೇ ಪದ ಬೇಕು.

ವಿಶ್ವಸಂಸ್ಥೆಯ 1984ರ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಯ ಸಾಲು ಕಷ್ಟ ಕೊಡಲಿಲ್ಲ: ಮೇಲಧಿಕಾರಿಯ ಆದೇಶ ಚಿತ್ರಹಿಂಸೆಗೆ ಸಮರ್ಥನೆಯಾಗದು. 'ಮೇಲಿಂದ ಆರ್ಡರ್ ಸಾರ್' ಕೇಳದವರು ಯಾರಿದ್ದಾರೆ!

ಇನ್ನೊಂದು. ಮಿಲ್‌ಗ್ರಾಂ ಪ್ರಯೋಗವನ್ನೇ ತುಸು ಬದಲಿಸಿ ಮಾಡಿದಾಗ, ಜೊತೆಗಿದ್ದ ಇಬ್ಬರು 'ಆಗಲ್ಲ' ಎಂದು ಎದ್ದರೆ, 40ರಲ್ಲಿ ಕೊನೆಯವರೆಗೆ ಹೋದವರು ನಾಲ್ಕೇ ಜನ. ಉಳಿದವರನ್ನು 'ಅವಿಧೇಯರು' ಅಂದರೆ ತುಂಟ ಮಕ್ಕಳ ಮೇಲಿನ ದೂರಿನ ಹಾಗಿರುತ್ತದೆ. ಅಂಕೋಲಾ, ಸಿದ್ದಾಪುರದ ರೈತರ ಕರನಿರಾಕರಣೆಯ ನೆನಪಿನಿಂದ 'ನಿರಾಕರಿಸಿದವರು' ಎಂದು ಬರೆದಿದ್ದೇನೆ. ಅದನ್ನು ಬದಲಿಸುವ ಮನಸ್ಸಿಲ್ಲ.

ಮನಸ್ಸಿಲ್ಲದಿದ್ದರೂ ಹೇಳಿದ್ದನ್ನು ಮಾಡುವುದಕ್ಕೆ ನಿಮ್ಮ ಕಡೆ, ಕಚೇರಿಯಲ್ಲೋ ಠಾಣೆಯಲ್ಲೋ, ಬಾಯಿಮಾತಿನಲ್ಲಿ ಏನಂತಾರೆ? ಧಾರವಾಡ, ಮಂಗಳೂರಿನ ಕಡೆಯವರು ದಯವಿಟ್ಟು ಹೇಳಿ. ಸಂಸ್ಕೃತದ ಹೊಸ ಟಂಕನೆ ಮಾತ್ರ ಬೇಡ.