ರಬ್ಬರ್ ಜೇನು: ಅರ್ಧ ಮುಚ್ಚಿದ ಎರಿ ಈಗಲೇ ತೆಗೆಯಬಹುದಾ?

ಮುಳ್ಳೇರಿಯಾ ಕೃಷಿಕ: ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟದ ಬದಿಯಲ್ಲಿ ನಾಲ್ಕು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನುನೊಣ) ಪೆಟ್ಟಿಗೆ ಇಟ್ಟಿದ್ದೇನೆ. ಪಕ್ಕದ ಗುಡ್ಡೆ ಪೂರ್ತಿ ರಬ್ಬರ್. ಎಲೆ ಉದುರಿ ಹೊಸ ಚಿಗುರು ಬಂದದ್ದೇ ತಡ, ಜೇನು ಕೂಡಿಡುವ ಮೇಲಿನ ಕೋಣೆಯ ಎರಿಗಳೆಲ್ಲ, ಅಂದರೆ ಮೇಣದ ಹಟ್ಟಿಗಳೆಲ್ಲ, ತುಂಬಿವೆ. ಆದರೆ ಮೇಣದ ಮುಚ್ಚಳ ಅರ್ಧಕ್ಕೆ ಮಾತ್ರ ಬಂದಿದೆ. ಈಗಲೇ ತೆಗೆದರೆ ನೊಣಗಳು ಬೇಗ ಮತ್ತೆ ತುಂಬಿಸ್ತವೆ ಅಂತಾರೆ ನೆರೆಮನೆಯವರು. ಕಾದರೆ ನಷ್ಟವಾ? ಬದಿಯಡ್ಕದ ಒಂದು ಅಂಗಡಿಗೂ ಕೊಡಲಿಕ್ಕಿದೆ.

ಪೆರ್ಲದ ಅಕ್ಕ: ಅವಸರ ಬೇಡ ಮಾರಾಯ್ರೇ. ರಬ್ಬರಿನಲ್ಲಿ ಜೇನು ಹೂವಿನಿಂದ ಬರುವುದು ಕಡಿಮೆ. ಮೂರು ಎಲೆ ಸೇರುವಲ್ಲಿ, ತೊಟ್ಟಿನ ತುದಿಯಲ್ಲಿ ಸಣ್ಣ ಗ್ರಂಥಿಗಳಿವೆ ನೋಡಿ, ಎಳೆ ಎಲೆಯಲ್ಲಿ ಅಲ್ಲಿಂದ ಸಿಹಿ ಒಸರುತ್ತದೆ. ಅದು ನೀರು ನೀರು. ನೊಣಗಳು ರೆಕ್ಕೆ ಬೀಸಿ ಒಣಗಿಸಿದ ಮೇಲೇ ಅದು ಜೇನು. ಮುಚ್ಚಳ ಹಾಕುವುದೂ ಆಮೇಲೆ.

ಒಂದು ಪರೀಕ್ಷೆ ಮಾಡಿ. ನೊಣಗಳನ್ನು ಮೆಲ್ಲ ಸರಿಸಿ, ಎರಿ ಇರುವ ಚೌಕಟ್ಟನ್ನು ಪೆಟ್ಟಿಗೆಯ ಮೇಲೆಯೇ ಮಲಗಿಸಿದ ಹಾಗೆ ಹಿಡಿದು ಒಮ್ಮೆ ಜಾಡಿಸಿ. ಹನಿ ಸಿಡಿದರೆ ಹಸಿ, ವಾಪಸ್ ಇಡಿ. ನಾನಂತೂ ಮುಕ್ಕಾಲು ಭಾಗ ಮುಚ್ಚದ ಎರಿಯನ್ನು ಮುಟ್ಟುವುದೇ ಇಲ್ಲ. ಎಲ್ಲ ಒಟ್ಟಿಗೆ ತೆಗೆಯಬೇಕು ಅಂತಲೂ ಇಲ್ಲ. ಮಾಗಿದ್ದನ್ನು ಮಾತ್ರ ತೆಗೆದು, ಖಾಲಿ ಎರಿಯನ್ನು ಸಂಜೆಯೇ ಹಿಂದೆ ಕೊಟ್ಟರೆ ನೊಣಗಳಿಗೆ ಜಾಗವೂ ಆಯಿತು, ಫಸಲೂ ನಿಲ್ಲುವುದಿಲ್ಲ.

ಮುಚ್ಚಳ ಕೊಯ್ಯುವ ಚಾಕು ಬಿಸಿನೀರಿನಲ್ಲಿ ಅದ್ದಿ, ಒರೆಸಿಯೇ ಬಳಸಿ. ತುಡುವೆಯ ಹೊಸ ಎರಿ ತುಂಬಾ ಮೆತ್ತಗೆ. ಎರಿಯನ್ನು ತಿರುಗಿಸಿ ಜೇನು ತೆಗೆಯುವ ಯಂತ್ರವನ್ನು ಸುಮ್ನೆ ಜೋರಾಗಿ ತಿರುಗಿಸಿದರೆ ಮುರಿದೇ ಹೋಗುತ್ತದೆ. ಒಂದು ಬದಿ ಅರ್ಧ ಖಾಲಿಯಾದಾಗ ಮಗುಚಿ, ಇನ್ನೊಂದು ಬದಿ ಪೂರ್ತಿ ತೆಗೆದು, ಮತ್ತೆ ಮೊದಲಿನ ಬದಿಗೆ ಬನ್ನಿ. ಕೆಳಗಿನ ಮರಿಗಳ ಕೋಣೆಗೆ ಮಾತ್ರ ಕೈ ಹಾಕಬೇಡಿ.

ಮಂಜೇಶ್ವರದವ: ಅಕ್ಕ ಹೇಳಿದ್ದು ಸರಿ. ಅಂಗಡಿಗೆ ಕೊಡುವುದಾದರೆ ಇನ್ನೊಂದು ವಿಷಯ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪ್ರಕಾರ ಜೇನಿನಲ್ಲಿ ನೀರಿನ ಅಂಶ ಸಾಮಾನ್ಯವಾಗಿ 20%ಕ್ಕಿಂತ ಜಾಸ್ತಿ ಇರಬಾರದು. ನಮ್ಮ ರಬ್ಬರ್ ಜೇನು ಅದನ್ನು ದಾಟುವುದು ಸುಲಭ. ನೀರು ಜಾಸ್ತಿಯಾದರೆ ಯೀಸ್ಟ್ ಬೆಳೆದು ಹುಳಿ ವಾಸನೆ, ನೊರೆ, ಕೊನೆಗೆ ಬಾಟಲಿ ಮುಚ್ಚಳವೇ ಉಬ್ಬುತ್ತದೆ. ನೀರಿನ ಅಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಇದ್ದವರ ಹತ್ತಿರ ಒಂದು ಹನಿ ತೋರಿಸಿಕೊಳ್ಳಿ.

ಮುಳ್ಳೇರಿಯಾ ಕೃಷಿಕ: ಜಾಡಿಸಿ ನೋಡಿದೆ ಅಕ್ಕ. ಎರಡು ಚೌಕಟ್ಟಿನಿಂದ ಒಂದು ಹನಿಯೂ ಬೀಳಲಿಲ್ಲ. ಉಳಿದದ್ದೆಲ್ಲ ಹಸಿ. ಇನ್ನೊಂದು ಕೇಳಲಿಕ್ಕಿದೆ. ರಬ್ಬರ್ ಜೇನು ಬೇಗ ಹರಳುಗಟ್ಟುತ್ತದಂತೆ. ಗಿರಾಕಿಗಳು ಸಕ್ಕರೆ ಬೆರೆಸಿದ್ದು ಅಂದರೆ ಏನು ಮಾಡುವುದು?

ಪೆರ್ಲದ ಅಕ್ಕ: ಹೌದು, ಬೇಗ ಹರಳುಗಟ್ಟುತ್ತದೆ. ಗ್ಲೂಕೋಸ್ ಜಾಸ್ತಿ ಇರುವ ಜೇನಿನ ಗುಣವೇ ಹಾಗೆ, ಅದು ಕಲಬೆರಕೆಯ ಗುರುತಲ್ಲ. ಕೊಡುವಾಗಲೇ ಅಂಗಡಿಯವರಿಗೆ ಹೇಳಿಬಿಡಿ. ಬಾಟಲಿಯನ್ನು ಕೈ ತಾಳುವಷ್ಟು ಬಿಸಿ ಇರುವ ನೀರಿನಲ್ಲಿ ಇಟ್ಟರೆ ಕರಗುತ್ತದೆ. ನೇರ ಒಲೆಯ ಮೇಲೆ ಬೇಡ, ಪರಿಮಳ ಹೋಗುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು ಅಂತ ಚೀಟಿಯಲ್ಲಿ ಬರೆಯಿರಿ. ಮತ್ತೆ, ಎಲ್ಲವನ್ನೂ ಬಳಿದು ತೆಗೆಯಬೇಡಿ. ನಮ್ಮ ಮಳೆಗಾಲ ಉದ್ದ, ನೊಣಗಳ ಪಾಲು ಪೆಟ್ಟಿಗೆಯಲ್ಲೇ ಇರಲಿ.