ನಾಲ್ಕು ಬಿಂದು ಸರಿಯಾಗಿ ಕೂತರೆ ಇಡೀ ವಕ್ರರೇಖೆಗೆ ಸಮಮಿತಿ ಬಂತಾ?

ತೀರ್ಥಹಳ್ಳಿ ಪಿಯು ವಿದ್ಯಾರ್ಥಿನಿ: ಎಕ್ಸ್² + ಎಕ್ಸ್·ವೈ + ವೈ² = 9. ವೈಗೆ ಸೊನ್ನೆ ಹಾಕಿದ್ರೆ ಎಕ್ಸ್ = ±3, ಎಕ್ಸ್‌ಗೆ ಸೊನ್ನೆ ಹಾಕಿದ್ರೆ ವೈ = ±3. ನಾಲ್ಕೂ ಬಿಂದು ಮೂಲಬಿಂದುವಿನಿಂದ ಒಂದೇ ದೂರ. ಹಾಗಾಗಿ ಎರಡೂ ಅಕ್ಷಕ್ಕೆ ಸಮಮಿತಿ ಇದೆ, ಅಂದ್ರೆ ಅಕ್ಷದ ಮೇಲೆ ಮಡಚಿದ್ರೆ ಎರಡು ಭಾಗವೂ ಒಂದರ ಮೇಲೊಂದು ಸರಿಯಾಗಿ ಕೂರ್ತವೆ ಅಂತ ಕ್ಲಾಸಲ್ಲಿ ಅರ್ಧ ಜನ ಹೇಳ್ತಿದಾರೆ. ಹೌದಾ?

ಸೊರಬದ ಟ್ಯೂಷನ್ ಮಾಸ್ತರ್: ಮೊದಲು ವೈ ಬಿಡಿಸಿಕೊ ತಂಗಿ. ವೈ = (−ಎಕ್ಸ್ ± √(36 − 3ಎಕ್ಸ್²)) / 2. ಮುಂದೆ ಕೂತಿರೋ ಆ −ಎಕ್ಸ್ ಸಮಮಿತಿ ಕೆಡಿಸ್ತದೆ. ವೈ ಬಿಡಿಸದೆ ಏನೂ ಹೇಳಬಾರದು.

ಸಾಗರದ ಗಣಿತ ಟೀಚರ್: ಇದನ್ನ ಮಾತ್ರ ಒಪ್ಪಲ್ಲ ಮಾಸ್ತರೇ. (3, −3) ಹಾಕಿ ನೋಡಿ: 9 − 9 + 9 = 9, ಬಿಂದು ರೇಖೆ ಮೇಲಿದೆ. (3, 3) ಹಾಕಿದ್ರೆ 27, ಇಲ್ಲ. ಎಕ್ಸ್ ಅಕ್ಷದ ಸಮಮಿತಿ ಅಲ್ಲಿಗೇ ಬಿತ್ತು. (−3, −3) ಕೂಡ 27, ವೈ ಅಕ್ಷದ್ದೂ ಬಿತ್ತು. ಎರಡೂ ಚಿಹ್ನೆ ಒಟ್ಟಿಗೆ ಬದಲಿಸಿದ್ರೆ ಸಮೀಕರಣ ಹಾಗೇ ಉಳೀತದೆ, ಆದ್ದರಿಂದ ಮೂಲಬಿಂದುವಿಗೆ ಸಮಮಿತಿ ಇದೆ. ಅಕ್ಷದ ಮೇಲಿನ ಬಿಂದು ಬರೀ ನಾಲ್ಕು ಕಡೆಯ ಸುದ್ದಿ ಹೇಳ್ತಾವೆ, ಉಳಿದ ರೇಖೆಯದ್ದಲ್ಲ.

ಸೊರಬದ ಟ್ಯೂಷನ್ ಮಾಸ್ತರ್: ಸರಿ ಮೇಡಂ. ಆದ್ರೆ ಎಕ್ಸ್ ±√12 ದಾಟಲ್ಲ ಅನ್ನೋದು ನನ್ನ ವರ್ಗಮೂಲದೊಳಗೆ ನೇರ ಕಾಣ್ತದೆ. ನಿಮ್ಮ ಚಿಹ್ನೆ ಬದಲಿಸೋ ಪರೀಕ್ಷೆ ಅದನ್ನ ಹೇಳಲ್ಲ.

ಶಿವಮೊಗ್ಗದ ಎಂಜಿನಿಯರ್: ಅದು ನಿಜ, ವ್ಯಾಪ್ತಿ ಬೇಕಾದಾಗ ಬಿಡಿಸಲೇಬೇಕು. ಆದ್ರೆ ಎಕ್ಸ್³ + ವೈ³ = 3ಎಕ್ಸ್·ವೈ ಬಂದ್ರೆ ಎಂತ ಮಾಡ್ತೀರಿ ಮಾರಾಯ್ರೆ? 1638ರಲ್ಲಿ ಫ್ರೆಂಚ್ ಗಣಿತಜ್ಞ ಡೆಕಾರ್ಟ್ ಇನ್ನೊಬ್ಬ ಗಣಿತಜ್ಞ ಫರ್ಮಾಗೆ ಸ್ಪರ್ಶಕ ಹುಡುಕಿ ಅಂತ ಸವಾಲು ಹಾಕಿದ್ದು ಈ ಜಾತಿಯ ರೇಖೆಯನ್ನೇ. ವೈ ಬಿಡಿಸೋಕೆ ಘನಸಮೀಕರಣದ ಸೂತ್ರವೇ ಬೇಕು. ಬಿಡಿಸದೆಯೇ ನೋಡಿ: ಎಕ್ಸ್ ಸೊನ್ನೆ ಆದ್ರೆ ವೈಯೂ ಸೊನ್ನೆ, ಅಕ್ಷ ಮುಟ್ಟೋದು ಮೂಲಬಿಂದುವಿನಲ್ಲಿ ಮಾತ್ರ. ಎಕ್ಸ್ ವೈ ಅದಲು ಬದಲು ಮಾಡಿದ್ರೆ ಏನೂ ಬದಲಾಗಲ್ಲ, ಅಂದ್ರೆ ವೈ = ಎಕ್ಸ್ ರೇಖೆಗೆ ಸಮಮಿತಿ. ತಂಗಿ, ನಿನ್ನ ಸಮೀಕರಣಕ್ಕೂ ಅದೇ ಅದಲು ಬದಲು ಮಾಡು.

ತೀರ್ಥಹಳ್ಳಿ ಪಿಯು ವಿದ್ಯಾರ್ಥಿನಿ: ಮಾಡಿದೆ ಸರ್, ಹಾಗೇ ಉಳೀತು! ವೈ = ಎಕ್ಸ್ ಹಾಕಿದ್ರೆ (√3, √3), ವೈ = −ಎಕ್ಸ್ ಹಾಕಿದ್ರೆ (3, −3). ಓರೆಯಾಗಿ ಮಲಗಿದ ದೀರ್ಘವೃತ್ತ, ಉದ್ದನೆ ಅಕ್ಷ ವೈ = −ಎಕ್ಸ್ ಮೇಲೆ.

ಸೊರಬದ ಟ್ಯೂಷನ್ ಮಾಸ್ತರ್: ಪರೀಕ್ಷೆಯಲ್ಲಿ ಎರಡು ಅಕ್ಷ, ಮೂಲಬಿಂದು, ಇಷ್ಟು ಬರೆದ್ರೆ ಸಾಕು.

ಸಾಗರದ ಗಣಿತ ಟೀಚರ್: ಸಾಕಾಗಲ್ಲ. ಡೆಕಾರ್ಟ್ ರೇಖೆಗೆ ಆ ಮೂರೂ ಪರೀಕ್ಷೆ ಹಾಕಿದ್ರೆ "ಸಮಮಿತಿಯೇ ಇಲ್ಲ" ಅಂತ ಉತ್ತರ ಬರ್ತದೆ. ಅದಲು ಬದಲನ್ನೂ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಿ.