ಚಿದಂಬರ ರಹಸ್ಯ ಓದೋದು ಹೇಗೆ?

ಪ್ರಶ್ನೆ (ಹಾಸನ): ತೇಜಸ್ವಿಯವರ ಈ ಕಾದಂಬರಿಯನ್ನ ಪತ್ತೇದಾರಿ ಅಂತ ಕೈಗೆತ್ತಿಕೊಂಡವರು ಅರ್ಧಕ್ಕೇ ಬಿಡ್ತಾರೆ. ಯಾಕೆ?

ಉತ್ತರ (ಮೂಡಿಗೆರೆ): ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಗುಟ್ಟನ್ನೇ ಬೆನ್ನಟ್ಟಿದರೆ ದಾರಿ ತಪ್ಪುತ್ತೆ. ತನಿಖೆಗೆ ಬರೋ ಅಂಗಡಿ ಅನ್ನೋ ಅಧಿಕಾರಿಗಿಂತ, ಕಥೆ ನಡೆಯೋ ಕೆಸರೂರಿನ ಜನರ ಮೇಲೆ ಕಣ್ಣಿಡಿ. ಒಬ್ಬೊಬ್ಬರಿಗೂ ಒಂದೊಂದು ಗೀಳು: ಜಾತಿ, ಮತ, ಕ್ರಾಂತಿ. ಯಾರೂ ಇನ್ನೊಬ್ಬರ ಮಾತು ಕಿವಿಗೆ ಹಾಕ್ಕೊಳ್ಳಲ್ಲ. ನಗು ಬರೋದೂ ಅಲ್ಲೇ, ದಿಗಿಲಾಗೋದೂ ಅಲ್ಲೇ. ಎರಡನೇ ಸಲ ಓದುವಾಗ ಸಂಭಾಷಣೆಗಳನ್ನಷ್ಟೇ ಗಮನಿಸಿ.

ಉತ್ತರ (ಸಕಲೇಶಪುರ): ಏಲಕ್ಕಿ ಬೆಳೆ ಗೊತ್ತಿದ್ದರೆ ಕಾದಂಬರಿಯ ರುಚಿ ಹೆಚ್ಚು. ಏಲಕ್ಕಿಗೆ ಬರೋ ಕಟ್ಟೆ ರೋಗದ ವೈರಸ್ಸನ್ನ ಸಸ್ಯಹೇನು ಹರಡುತ್ತೆ. ಎಳೆ ಎಲೆಯಲ್ಲಿ ತಿಳಿಹಸಿರು ಗೆರೆ ಕಂಡ ಕೂಡಲೇ ಗಿಡವನ್ನ ಬುಡಸಮೇತ ಕೀಳಬೇಕು. ತಡಮಾಡಿದರೆ ಪಕ್ಕದ ಗಿಡಗಳಿಗೂ ಹತ್ತುತ್ತೆ. ಕೆಸರೂರಿನ ದ್ವೇಷವೂ ಹಾಗೇ ಹಬ್ಬುತ್ತೆ.

ಉತ್ತರ (ಚಿಕ್ಕಮಗಳೂರು): 1985ರ ಕೃತಿ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಕಾದಂಬರಿಯ ಕೊನೆಯಲ್ಲಿ ಬರೋ ಬೆಂಕಿ ದಿಢೀರನೆ ಹೊತ್ತಿದ್ದು ಅನ್ನೋರ ಮಾತು ನಾನು ಒಪ್ಪಲ್ಲ.